ಸಣ್ಣ ವ್ಯಾಪಾರದ ಕನ್ನಡ ವೆಬ್‌ಸೈಟಿಗೆ ವರ್ಡ್‌ಪ್ರೆಸ್: ವರ್ಷಗಟ್ಟಲೆ ಬಳಸಿದ ಮೇಲೆ

ಅಂಕ ಮೊದಲೇ ಹೇಳಿಬಿಡೋಣ: 5ಕ್ಕೆ 4. ಕಳೆದ ಅರ್ಧ ಅಂಕ ಕನ್ನಡದ ಲೆಕ್ಕಕ್ಕೆ, ಇನ್ನರ್ಧ ಅಂಕ ಸೈಟ್ ಕಟ್ಟಿಕೊಡುವವರು ಬಾಯಿಬಿಡದ ನಿರ್ವಹಣೆಯ ಲೆಕ್ಕಕ್ಕೆ.

ಇಲ್ಲಿ ಹೇಳುತ್ತಿರುವುದು ನಮ್ಮದೇ ಹೋಸ್ಟಿಂಗ್‌ನಲ್ಲಿ, ಅಂದರೆ ಬಾಡಿಗೆಗೆ ಪಡೆದ ಸರ್ವರ್ ಜಾಗದಲ್ಲಿ, ಹಾಕಿಕೊಳ್ಳುವ ಉಚಿತ ವರ್ಡ್‌ಪ್ರೆಸ್ ಬಗ್ಗೆ. ಇದು ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶ. ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನುವ ಬಾಡಿಗೆ ಸೇವೆ ಬೇರೆ. ಹೆಸರು ಒಂದೇ ಆದ್ದರಿಂದ ಕೊಟೇಶನ್ ಕೇಳುವಾಗಲೇ ಯಾವುದು ಎಂದು ಬಿಡಿಸಿ ಕೇಳಿಕೊಳ್ಳಿ. 2003ರ ಮೇ 27ರಂದು ಮೊದಲ ಬಾರಿ ಹೊರಬಂದ ಈ ತಂತ್ರಾಂಶದ ಮೇಲೆ ಇವತ್ತು ಲೋಕದ ಶೇ. 40ಕ್ಕೂ ಹೆಚ್ಚು ಸೈಟ್‌ಗಳು ನಡೆಯುತ್ತಿವೆ. ಸಣ್ಣ ವ್ಯಾಪಾರಿಗೆ ಇದರ ಪ್ರಯೋಜನ ಒಂದೇ: ಕಟ್ಟಿದ ಹುಡುಗ ಕೆಲಸ ಬಿಟ್ಟು ಹೋದರೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಮುಂದುವರಿಸುವ ಇನ್ನೊಬ್ಬರು ಸಿಗುತ್ತಾರೆ. ಯಾರದೋ ಸ್ವಂತ ಕೋಡ್‌ನಲ್ಲಿ ಕಟ್ಟಿಸಿಕೊಂಡವರಿಗೆ ಆ ಅನುಕೂಲ ಇಲ್ಲ.

ಕನ್ನಡದ ತೊಂದರೆ ವಿಳಾಸದಿಂದಲೇ ಶುರು. ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ, ಅಂದರೆ ಸ್ಲಗ್, ಮಾಡಿಕೊಳ್ಳುತ್ತದೆ. ಆ ಜಾಗಕ್ಕೆ 200 ಅಕ್ಷರದ ಮಿತಿ ಇದೆ. ಆದರೆ ವಿಳಾಸದೊಳಗೆ ಕನ್ನಡದ ಒಂದೊಂದು ಯೂನಿಕೋಡ್ (ಕಂಪ್ಯೂಟರ್ ಅಕ್ಷರ ಗುರುತಿಸುವ ಸಂಕೇತಪದ್ಧತಿ) ಚಿಹ್ನೆಯೂ ಶೇಕಡಾ ಗುರುತು ಸೇರಿದ 9 ಅಕ್ಷರಗಳಾಗಿ ಕೂರುತ್ತದೆ. ಹಾಗಾಗಿ ಸಿಗುವುದು 22 ಚಿಹ್ನೆ ಮಾತ್ರ, ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಚಿಕ್ಕಮಗಳೂರು’ ಒಂದೇ 11 ಚಿಹ್ನೆ ನುಂಗುತ್ತದೆ. ‘ಚಿಕ್ಕಮಗಳೂರು ಕಾಫಿ ಪುಡಿ ಬೆಲೆ’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ‘ಬೆ’ ಎಂಬಲ್ಲಿಗೇ ನಿಂತುಹೋಗುತ್ತದೆ. ಅದನ್ನು ವಾಟ್ಸಾಪ್‌ಗೆ ಅಂಟಿಸಿದರೆ ಬಹಳ ಸಲ ಶೇಕಡಾ ಗುರುತು, ಅಂಕಿಗಳ ನಾಲ್ಕು ಸಾಲಿನ ಕಗ್ಗ ಬೀಳುತ್ತದೆ. ಗಿರಾಕಿ ಅದನ್ನು ಮೋಸದ ಲಿಂಕ್ ಅಂದುಕೊಂಡರೆ ತಪ್ಪೇನಿಲ್ಲ. ಶೀರ್ಷಿಕೆ ಕನ್ನಡದಲ್ಲಿರಲಿ, ಸ್ಲಗ್ ಮಾತ್ರ ಮೂರು-ನಾಲ್ಕು ಇಂಗ್ಲಿಷ್ ಪದಗಳಲ್ಲಿ, ಪ್ರಕಟಿಸುವ ಮುನ್ನವೇ ಕೈಯಾರೆ ಬರೆಯಿರಿ. ಆಮೇಲೆ ಬದಲಿಸಿದರೆ ಹಂಚಿಹೋದ ಲಿಂಕ್‌ಗಳ ಚಿಂತೆ ಬೇರೆ.

ಎರಡನೆಯದು ಅಕ್ಷರ ಕಾಣುವ ಬಗೆ. ಥೀಮ್‌ಗಳನ್ನು, ಅಂದರೆ ಸೈಟ್‌ನ ನೋಟದ ಸಿದ್ಧ ಅಚ್ಚುಗಳನ್ನು, ಮಾಡುವವರು ಇಂಗ್ಲಿಷ್ ಅಕ್ಷರವನ್ನೇ ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆ. ಶೀರ್ಷಿಕೆಗೆ 1.2ರ (ಅಕ್ಷರದ ಅಳತೆಯ 1.2 ಪಟ್ಟು) ಸಾಲಂತರ ಇಟ್ಟರೆ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಶೀರ್ಷಿಕೆಗೆ 1.5, ಒಳಬರಹಕ್ಕೆ 1.7ರ ಆಸುಪಾಸು ಇಟ್ಟರೆ ಓದಲು ಹಿತ. ಮೆನುವಿನ ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಮಾಡಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಸಾಕು, ಅದರಲ್ಲೂ ಎರಡೇ ತೂಕ (ಅಕ್ಷರದ ದಪ್ಪದ ಬಗೆ). ಇರುವ ತೂಕಗಳನ್ನೆಲ್ಲ ಸೇರಿಸಿದರೆ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪುಟ ತೆವಳುತ್ತದೆ. ಟಿರೋ ಕನ್ನಡ ನೋಡಲು ಬಲು ಚೆಂದ, ಆದರೆ ಅದಕ್ಕೆ ದಪ್ಪಕ್ಷರವೇ ಇಲ್ಲ. ಬೋಲ್ಡ್ ಕೊಟ್ಟರೆ ಬ್ರೌಸರ್ ತಾನೇ ಮಸಿ ಬಳಿದು ದಪ್ಪ ಮಾಡುತ್ತದೆ, ಒತ್ತಕ್ಷರದ ಕಿಂಡಿಗಳು ಮುಚ್ಚಿಹೋಗುತ್ತವೆ. ಮುಖಪುಟದ ಸಾರಾಂಶಕ್ಕೆ ಮೊದಲಿನಿಂದ ಇರುವ ಮಿತಿ 55 ಪದ. ನಮ್ಮ ಪದಗಳು ಉದ್ದ, 20–25ಕ್ಕೆ ಇಳಿಸದಿದ್ದರೆ ಆ ಸಾರಾಂಶದ ಚೌಕಗಳು ಏಣಿಯಂತೆ ಎದ್ದುನಿಲ್ಲುತ್ತವೆ.

ಅಂಗಡಿಯವರು ಕೊಡುವ ಹಳೆಯ ಬರಹ ಬಹುಪಾಲು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿರುತ್ತದೆ. ನೇರ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಬಂದ ಪದಗಳನ್ನು ಒಂದೊಂದಾಗಿ ಓದಿ ನೋಡಿ. ತಪ್ಪುವುದು ಅಲ್ಲಿಯೇ.

ಇನ್ನು ದುಡ್ಡಿಗೇ ಹೊಡೆತ ಕೊಡುವ ವಿಷಯ: ವಿಚಾರಣೆಯ ಫಾರ್ಮ್. ‘ನಿಮ್ಮ ಸಂದೇಶ ಕಳುಹಿಸಲಾಗಿದೆ’ ಎಂದು ತೆರೆಯ ಮೇಲೆ ಬರುತ್ತದೆ, ಅಂಗಡಿಗೆ ಮಾತ್ರ ಏನೂ ಬಂದಿರುವುದಿಲ್ಲ. ವರ್ಡ್‌ಪ್ರೆಸ್ ಮೇಲ್ ಅನ್ನು ಸರ್ವರ್‌ನ ಕೈಗೆ ಕೊಟ್ಟು ಸುಮ್ಮನಾಗುತ್ತದೆ, ತಲುಪಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಮೇಲ್ ಕಳುಹಿಸುವವರ ಗುರುತಿನ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿದೆ. ಮಾಡಬೇಕಾದ್ದು ಇಷ್ಟು: ಮೇಲ್ ಅನ್ನು ಸರಿಯಾದ ಮೇಲ್ ಖಾತೆಯ ಮೂಲಕ ಕಳುಹಿಸುವ ಎಸ್‌ಎಂಟಿಪಿ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಹಾಕಿ, ಡೊಮೇನ್‌ಗೆ (ಸೈಟ್‌ನ ಹೆಸರಿಗೆ) ಕಳುಹಿಸುವವರ ಗುರುತು ಸಾಬೀತುಪಡಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆ ಸೇರಿಸಿ. ‘ಫ್ರಮ್’ ಜಾಗದಲ್ಲಿ ನಿಮ್ಮದೇ ಡೊಮೇನ್‌ನ ವಿಳಾಸ ಇರಲಿ, ಗಿರಾಕಿಯ ವಿಳಾಸ ‘ರಿಪ್ಲೈ ಟು’ಗೆ ಹೋಗಲಿ. ಗಿರಾಕಿಯ ಜಿಮೇಲ್ ವಿಳಾಸವನ್ನೇ ಫ್ರಮ್‌ಗೆ ಹಾಕುವುದು ತುಂಬ ಕಡೆ ಕಾಣುವ ತಪ್ಪು, ಅಂಥ ಮೇಲ್ ನಕಲಿ ಅನ್ನಿಸಿಕೊಂಡು ಸ್ಪ್ಯಾಮ್‌ಗೆ ಬೀಳುತ್ತದೆ. ಕಾಂಟ್ಯಾಕ್ಟ್ ಫಾರ್ಮ್ 7 ಎಂಬ ಫಾರ್ಮ್ ಪ್ಲಗಿನ್ ಬಳಸುವವರು ಜೊತೆಗೆ ಫ್ಲಮಿಂಗೊ ಪ್ಲಗಿನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಫಾರ್ಮ್ ಸಂದೇಶವನ್ನು ಎಲ್ಲೂ ಉಳಿಸಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ನೀವೇ ಫಾರ್ಮ್ ತುಂಬಿ ನೋಡಿ.

ಬೆಳಗ್ಗೆ 6ಕ್ಕೆ ಪ್ರಕಟವಾಗಲಿ ಎಂದು ಸಮಯ ಇಟ್ಟ ಲೇಖನ ಹಾಗೇ ಉಳಿಯುವುದೂ ಉಂಟು. ವರ್ಡ್‌ಪ್ರೆಸ್‌ನ ಕ್ರಾನ್‌ಗೆ (ಗೊತ್ತಾದ ಹೊತ್ತಿಗೆ ಕೆಲಸ ಮಾಡಿಸುವ ಭಾಗ) ಸ್ವಂತ ಗಡಿಯಾರ ಇಲ್ಲ, ಯಾರಾದರೂ ಸೈಟ್ ತೆರೆದಾಗಲೇ ಅದು ಏಳುತ್ತದೆ. ಓಡಾಟ ಕಡಿಮೆಯಿರುವ ಸೈಟ್‌ನಲ್ಲಿ ಅದನ್ನು ಕಾನ್ಫಿಗ್ ಫೈಲ್‌ನಲ್ಲಿ ನಿಲ್ಲಿಸಿ, ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್‌ನಿಂದ 15 ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಕೊಟ್ಟರೆ ತೀರಿತು. ಚಿತ್ರಗಳದ್ದು ಇನ್ನೊಂದು ರಗಳೆ. ಫೋನ್‌ನಿಂದ ತೆಗೆದ 4000 ಪಿಕ್ಸೆಲ್ ಅಗಲದ ಒಂದು ಫೋಟೋ ಏರಿಸಿದರೆ 150, 300, 768, 1024, 1536, 2048, 2560 ಎಂದು ಏಳು ಪ್ರತಿ, ಮೂಲ ಸೇರಿ ಎಂಟು ಫೈಲ್. ಅಗ್ಗದ ಹೋಸ್ಟಿಂಗ್‌ನಲ್ಲಿ ಜಾಗ ಖಾಲಿಯಿದ್ದರೂ ಫೈಲ್‌ಗಳ ಎಣಿಕೆಯ ಮಿತಿ ಮುಗಿಯುವುದು ಹೀಗೆಯೇ. 1600 ಪಿಕ್ಸೆಲ್‌ಗೆ ಇಳಿಸಿ ಏರಿಸುವುದನ್ನು ಅಂಗಡಿಯ ಹುಡುಗರಿಗೆ ಮೊದಲ ದಿನವೇ ಕಲಿಸಿ.

ಅಪ್‌ಡೇಟ್ ವಿಷಯದಲ್ಲಿ ವರ್ಡ್‌ಪ್ರೆಸ್ ತಂಡವನ್ನು ದೂರುವಂತಿಲ್ಲ. ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರ 3.7 ಆವೃತ್ತಿಯಿಂದ ತಾವಾಗಿಯೇ ಆಗುತ್ತವೆ. ಸೈಟ್ ಬೀಳುವುದು ಸಾಮಾನ್ಯವಾಗಿ ಪ್ಲಗಿನ್‌ಗಳಿಂದ, ಅದರಲ್ಲೂ ‘ಫ್ರೀಯಾಗಿ ಸಿಕ್ಕಿತು’ ಎಂದು ಹಾಕಿದ ಕದ್ದ ಪ್ರೀಮಿಯಂ ಥೀಮ್‌ಗಳಿಂದ. ಅವುಗಳೊಳಗೆ ಹಿಂಬಾಗಿಲು ಇಟ್ಟೇ ಹಂಚುವವರಿದ್ದಾರೆ. ಸೈಟ್ ಬಿದ್ದಾಗ ಮತ್ತೆ ಒಳಹೋಗಲು ಒಂದು ರಿಕವರಿ ಲಿಂಕ್ ಮೇಲ್‌ನಲ್ಲಿ ಬರುವ ಸೌಲಭ್ಯ 2019ರಿಂದ ಇದೆ, ನಿಜಕ್ಕೂ ಒಳ್ಳೆಯ ಏರ್ಪಾಡು. ಆದರೆ ಆ ಮೇಲ್ ಹೋಗುವುದು ಅಡ್ಮಿನ್ ವಿಳಾಸಕ್ಕೆ. ಅದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಡಿಸೈನರ್‌ನದ್ದಾಗಿದ್ದರೆ? ಸೆಟ್ಟಿಂಗ್ಸ್‌ನ ಜನರಲ್ ಪುಟ ತೆರೆದು ಇವತ್ತೇ ನೋಡಿ.

ಸೈಟ್ ಕಟ್ಟುವ ಸ್ಟುಡಿಯೋಗೆ ಕೆಲಸ ಕೊಡುವಾಗಲೂ ಇದೇ ಎಚ್ಚರ ಬೇಕು. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಮೇಲ್‌ನಲ್ಲಿ, ನಿಮ್ಮ ಕಾರ್ಡ್‌ನಿಂದ ನೋಂದಾಯಿಸಿರಲಿ. ಮೊದಲ ವರ್ಷದ ಹೋಸ್ಟಿಂಗ್ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ಕೇಳಿ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿ. ಯಾವ ಪೇಜ್ ಬಿಲ್ಡರ್ (ಪುಟ ಜೋಡಿಸುವ ಪ್ಲಗಿನ್) ಬಳಸುತ್ತೀರಿ ಎಂದು ಕೇಳಿ. ಕೆಲವನ್ನು ತೆಗೆದ ಕ್ಷಣ ಪುಟದ ತುಂಬ ಚೌಕ ಆವರಣದೊಳಗಿನ ಸಂಕೇತಗಳು (ಶಾರ್ಟ್‌ಕೋಡ್‌ಗಳು) ಉಳಿಯುತ್ತವೆ, ಆಗ ಸೈಟ್ ಹೊಸದಾಗಿ ಕಟ್ಟಿದಷ್ಟೇ ಕೆಲಸ. ವರ್ಡ್‌ಪ್ರೆಸ್‌ನದೇ ಬ್ಲಾಕ್ ಎಡಿಟರ್‌ನಲ್ಲಿ ಕಟ್ಟಿದ್ದು ಥೀಮ್ ಬದಲಾದರೂ ಬಹುಮಟ್ಟಿಗೆ ನಿಲ್ಲುತ್ತದೆ. ಬ್ಯಾಕಪ್ ವಾರಕ್ಕೊಮ್ಮೆ ಬೇರೆ ಜಾಗಕ್ಕೆ, ಉದಾಹರಣೆಗೆ ನಿಮ್ಮದೇ ಗೂಗಲ್ ಡ್ರೈವ್‌ಗೆ, ಹೋಗಬೇಕು. ಅದೇ ಸರ್ವರ್‌ನಲ್ಲಿಟ್ಟರೆ ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟಂತೆ.

ಗಿರಾಕಿಗಳ ಬಳಗ ಕಟ್ಟುವ ಬಡ್ಡಿಪ್ರೆಸ್, ಬಿಬಿಪ್ರೆಸ್ ಪ್ಲಗಿನ್‌ಗಳನ್ನು ಅಂಗಡಿ, ಹೋಮ್‌ಸ್ಟೇಗಳಿಗೆ ಶಿಫಾರಸು ಮಾಡುವುದಿಲ್ಲ. ನಮ್ಮ ಕಡೆ ಮಾತುಕತೆ ವಾಟ್ಸಾಪ್‌ನಲ್ಲೇ. ಸೈಟ್ ಅಲ್ಲಿಗೆ ಲಿಂಕ್ ಒದಗಿಸಿದರೆ ಸಾಕು. ಲಿಂಕ್ ಜೊತೆ ಮೂಡುವ ಚಿತ್ರ 1200×630 ಅಳತೆಯಲ್ಲಿ, 300 ಕೆಬಿ ಒಳಗಿರಲಿ.

ತಿಂಗಳಿಗೆ ಒಂದು ಬರಹವೂ ಹಾಕುವುದಿಲ್ಲ, ವಿಳಾಸ, ಸಮಯ, ಫೋನ್ ನಂಬರ್ ಕಂಡರೆ ಸಾಕು ಅನ್ನುವ ಬೇಕರಿಗೆ ವರ್ಡ್‌ಪ್ರೆಸ್ ಹೊರೆಯೇ. ಅಂಥವರಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, ಅರ್ಧ ದಿನದ ಕೆಲಸ.