ಸ್ಟೋರಿಬೋರ್ಡರ್: ಹೊಸ ಸ್ಟೋರಿಬೋರ್ಡಿಗೆ ಹಲವು ಬಾಗಿಲುಗಳಿರುವ ತಂತ್ರಾಂಶ

ವಿಡಿಯೊ ಮಾಡಲು ಹೊರಟವರಲ್ಲಿ ಬಹಳಷ್ಟು ಮಂದಿ ಸ್ಟೋರಿಬೋರ್ಡಿನ, ಅಂದರೆ ಚಿತ್ರೀಕರಣಕ್ಕೆ ಮೊದಲೇ ಪ್ರತಿ ಶಾಟನ್ನೂ ಚೌಕಟ್ಟುಗಳಲ್ಲಿ ಬರೆದಿಡುವ ಚಿತ್ರಸರಣಿಯ, ಸಹವಾಸಕ್ಕೇ ಹೋಗದಿರುವುದಕ್ಕೆ ಚಿತ್ರ ಬರೆಯಲು ಬಾರದೆಂಬುದು ನೆಪ ಮಾತ್ರ. ಮೊದಲ ಚೌಕಟ್ಟಿನಲ್ಲಿ ಏನಿಡಬೇಕೆಂದು ತೋಚದಿರುವುದೇ ನಿಜವಾದ ತೊಡಕು ಎಂಬುದು ನನ್ನ ಅನಿಸಿಕೆ. ಆದ್ದರಿಂದ ಇಂಥ ತಂತ್ರಾಂಶವೊಂದನ್ನು ಅಳೆಯುವಾಗ ಅದರ ಕುಂಚಗಳು ಎಷ್ಟಿವೆ ಎಂಬುದಕ್ಕಿಂತ ಮೊದಲು, ಹೊಸ ಕೆಲಸವನ್ನು ಅದು ಹೇಗೆ ಆರಂಭಿಸಿಕೊಡುತ್ತದೆ ಎಂಬುದನ್ನು ನೋಡಬೇಕು. ವಂಡರ್ ಯೂನಿಟ್ ಹೊರತಂದಿರುವ ಸ್ಟೋರಿಬೋರ್ಡರ್ ಈ ಅಳತೆಯಲ್ಲಿ ಬಹಳ ಮೇಲೆ ನಿಲ್ಲುತ್ತದೆ. ಅದು ಉಚಿತ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಹೊಸ ಸ್ಟೋರಿಬೋರ್ಡ್ ಬೇಕೆಂದಾಗ ಅದು ಕೇಳುವ ಮುಖ್ಯ ಪ್ರಶ್ನೆಗಳು ಎರಡೇ. ಕೈಯಲ್ಲಿ ಚಿತ್ರಕಥೆ ಇದೆಯೇ, ಅಥವಾ ಖಾಲಿ ಹಾಳೆಯಿಂದ ಆರಂಭಿಸುತ್ತೀರಾ ಎಂಬುದು ಒಂದು. ಚೌಕಟ್ಟಿನ ಅಗಲ ಮತ್ತು ಎತ್ತರದ ಅನುಪಾತ ಯಾವುದು ಎಂಬುದು ಇನ್ನೊಂದು. ಎರಡನೆಯದನ್ನು ಅವಸರದಲ್ಲಿ ಒತ್ತಿ ಮುಂದೆ ಹೋಗುವವರೇ ಹೆಚ್ಚು, ಆದರೆ ಅಲ್ಲಿ ನಿಂತು ಯೋಚಿಸಲೇಬೇಕು. ಸಿನಿಮಾ ತೆರೆಯ 2.39:1, ಟಿ.ವಿ. ಮತ್ತು ಸಾಮಾನ್ಯ ಅಂತರ್ಜಾಲ ವಿಡಿಯೊಗಳ 16:9, ಮೊಬೈಲನ್ನು ನಿಲ್ಲಿಸಿ ಹಿಡಿದು ನೋಡುವ 9:16, ಚಚ್ಚೌಕ, ಹಳೆಯ 4:3 ಮುಂತಾದ ಆಯ್ಕೆಗಳು ಅಲ್ಲಿವೆ. ಎದುರುಬದುರು ಕುಳಿತ ಇಬ್ಬರು 16:9ರಲ್ಲಿ ಸಲೀಸಾಗಿ ಒಂದೇ ಚೌಕಟ್ಟಿಗೆ ಸಿಗುತ್ತಾರೆ. ಅದೇ ಇಬ್ಬರನ್ನು 9:16ಕ್ಕೆ ತರಬೇಕಾದರೆ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರ ಮುಖವನ್ನು ನೋಡಬೇಕಾಗುತ್ತದೆ, ಇಲ್ಲವೇ ಶಾಟನ್ನೇ ಎರಡಾಗಿ ಒಡೆಯಬೇಕಾಗುತ್ತದೆ. ಅಂದರೆ ಅನುಪಾತ ಬದಲಾದರೆ ಶಾಟುಗಳ ಯೋಜನೆಯೇ ಬದಲಾಗುತ್ತದೆ. ವಿಡಿಯೊ ಕೊನೆಗೆ ಎಲ್ಲಿ ಪ್ರದರ್ಶನವಾಗುತ್ತದೆ ಎಂಬುದನ್ನು ತೀರ್ಮಾನಿಸದೆ ಈ ಗುಂಡಿಯನ್ನು ಒತ್ತಬಾರದು.

ಚಿತ್ರಕಥೆಯಿಂದ ಆರಂಭಿಸುವ ದಾರಿಯೇ ಈ ತಂತ್ರಾಂಶದ ದೊಡ್ಡ ಶಕ್ತಿ. ಚಿತ್ರಕಥೆ ಬರೆಯುವ ತಂತ್ರಾಂಶವಾದ ಫೈನಲ್ ಡ್ರಾಫ್ಟಿನ ಕಡತವನ್ನಾಗಲಿ, ಫೌಂಟನ್ ಎಂಬ ಸರಳ ಪಠ್ಯ ರೂಪದಲ್ಲಿ ಬರೆದದ್ದನ್ನಾಗಲಿ ಕೊಟ್ಟರೆ, ಅದು ದೃಶ್ಯಗಳನ್ನು ತಾನೇ ಬಿಡಿಸಿ ಪಕ್ಕದಲ್ಲಿ ಪಟ್ಟಿ ಮಾಡುತ್ತದೆ ಮತ್ತು ಪ್ರತಿ ದೃಶ್ಯಕ್ಕೂ ಬೇರೆಯೇ ಸ್ಟೋರಿಬೋರ್ಡನ್ನು ಇಡುತ್ತದೆ. ಸಂಭಾಷಣೆ ಕಣ್ಣೆದುರಿಗೇ ಇರುವುದರಿಂದ ‘ಈ ಮಾತಿನ ಹೊತ್ತಿಗೆ ಯಾರ ಮುಖ ಕಾಣಬೇಕು’ ಎಂಬ ಒಂದೇ ಪ್ರಶ್ನೆಗೆ ಉತ್ತರಿಸುತ್ತ ಹೋದರೆ ಸಾಕು, ಕೆಲಸ ತಾನಾಗಿ ಸಾಗುತ್ತದೆ. ಮಾತು ಹೆಚ್ಚಿರುವ ಕಿರುಚಿತ್ರ, ಸಂದರ್ಶನದ ಮರುಸೃಷ್ಟಿ, ಪಾಠದ ವಿಡಿಯೊ ಇವುಗಳಿಗೆ ನಾನು ಬೇರೆ ದಾರಿಯನ್ನು ಸೂಚಿಸುವುದಿಲ್ಲ.

ಕನ್ನಡದಲ್ಲಿ ಚಿತ್ರಕಥೆ ಬರೆಯುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಫೌಂಟನ್ ನಿಯಮಗಳು ರೂಪುಗೊಂಡಿರುವುದು ಇಂಗ್ಲಿಷ್ ಚಿತ್ರಕಥೆಯ ರೂಢಿಯ ಮೇಲೆ: ಒಳಾಂಗಣ, ಹೊರಾಂಗಣ ಎಂಬುದರ ಇಂಗ್ಲಿಷ್ ಸಂಕ್ಷಿಪ್ತ ರೂಪದಿಂದ ಶುರುವಾಗುವ ಸಾಲು ದೃಶ್ಯದ ಶೀರ್ಷಿಕೆ, ಪೂರ್ತಿ ದೊಡ್ಡಕ್ಷರದಲ್ಲಿರುವ ಸಾಲು ಪಾತ್ರದ ಹೆಸರು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲದ್ದರಿಂದ ಪಾತ್ರದ ಹೆಸರು ಯಾವುದು, ವಿವರಣೆ ಯಾವುದು ಎಂದು ಗಣಕಕ್ಕೆ ತಿಳಿಯುವುದಿಲ್ಲ. ಇದಕ್ಕೆ ಪರಿಹಾರ ಫೌಂಟನ್ ನಿಯಮಗಳಲ್ಲಿಯೇ ಇದೆ. ದೃಶ್ಯದ ಶೀರ್ಷಿಕೆಯ ಮುಂದೆ ಒಂದು ಚುಕ್ಕಿ, ಪಾತ್ರದ ಹೆಸರಿನ ಮುಂದೆ ಇ-ಮೇಲ್ ವಿಳಾಸದಲ್ಲಿ ಬರುವ @ ಚಿಹ್ನೆ ಇಟ್ಟು ಬರೆದರೆ, ಲಿಪಿ ಯಾವುದೇ ಆಗಿದ್ದರೂ ಆ ಸಾಲನ್ನು ಹಾಗೆಯೇ ಓದಬೇಕೆಂಬುದು ನಿಯಮ. ಇಡೀ ಚಿತ್ರಕಥೆಯನ್ನು ಕೊಡುವ ಮೊದಲು ಎರಡು ದೃಶ್ಯಗಳ ಪುಟ್ಟ ಕಡತವನ್ನು ಹೀಗೆ ಬರೆದು, ಪಟ್ಟಿ ಸರಿಯಾಗಿ ಮೂಡುತ್ತದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಖಾಲಿ ಹಾಳೆಯ ದಾರಿ ಮಾತಿಲ್ಲದ ವಿಡಿಯೊಗಳಿಗೆ, ಜಾಹೀರಾತಿಗೆ, ಇನ್ನೂ ಬರಹಕ್ಕೆ ಇಳಿಯದ ಕಲ್ಪನೆಗೆ ಹೊಂದುತ್ತದೆ. ತೆಳು ಪೆನ್ಸಿಲಿನಲ್ಲಿ ಒಂದು ವೃತ್ತ, ಅದರಡಿ ಹೆಗಲ ಗೆರೆ, ಹಿಂದೆ ಬಾಗಿಲಿಗೊಂದು ಚೌಕ ಎಳೆದು, ಮೇಲೆ ದಟ್ಟ ಗೆರೆಯಲ್ಲಿ ತಿದ್ದಿದರೆ ಶಾಟ್ ಅರ್ಥವಾಗುವಷ್ಟು ಸಿದ್ಧ. ಎನ್ ಕೀಲಿ ಒತ್ತಿದೊಡನೆ ಮುಂದಿನ ಚೌಕಟ್ಟು ಬರುತ್ತದೆ. ಪ್ರತಿ ಚೌಕಟ್ಟಿಗೂ ಮೊದಲಿಗೆ 2 ಸೆಕೆಂಡಿನ ಅವಧಿ ತಾನಾಗಿ ನಿಗದಿಯಾಗಿರುತ್ತದೆ, ಹಾಗಾಗಿ ನಾಲ್ಕೈದು ಚಿತ್ರವಾದ ಕೂಡಲೇ ಓಡಿಸಿ ನೋಡಬಹುದು. ಯಾವ ಶಾಟ್ ಎಳೆಯುತ್ತಿದೆ, ಯಾವುದು ಕಣ್ಣಿಗೆ ನಿಲ್ಲುವ ಮೊದಲೇ ಮಾಯವಾಗುತ್ತಿದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಗೋಡೆಗೆ ಅಂಟಿಸಿದ ಕಾಗದದ ಬೋರ್ಡಿನಲ್ಲಿ ಈ ಲಯ ಎಂದಿಗೂ ಕೈಗೆ ಸಿಗದು, ತಂತ್ರಾಂಶ ಬಳಸಲು ನನಗೆ ಇದೊಂದೇ ಕಾರಣ ಸಾಕು.

ಚಿತ್ರ ಬರೆಯಲು ಸುತರಾಂ ಬಾರದವರಿಗೆ ಶಾಟ್ ಜನರೇಟರ್ ಇದೆ. ಮೂರು ಆಯಾಮದ ಮನುಷ್ಯಾಕೃತಿಗಳನ್ನು ತಂದು ನಿಲ್ಲಿಸಿ, ಸಿದ್ಧ ಭಂಗಿಗಳಿಂದ ಒಂದನ್ನು ಆರಿಸಿ, ಎತ್ತರ ಹೊಂದಿಸಿ, ಕ್ಯಾಮೆರಾದ ಜಾಗವನ್ನೂ ಲೆನ್ಸನ್ನೂ ಬದಲಿಸುತ್ತ ಹೋಗಬಹುದು. ಪಕ್ಕದ ಚಿಕ್ಕ ಕಿಟಕಿಯಲ್ಲಿ ಇಡೀ ದೃಶ್ಯ ಮೇಲಿನಿಂದ ನೋಡಿದಂತೆ ಕಾಣುವುದರಿಂದ, ಕ್ಯಾಮೆರಾ ನಟರ ಯಾವ ಬದಿಗಿದೆ ಎಂಬುದು ತಪ್ಪಿಹೋಗುವುದಿಲ್ಲ. ಇದರ ಚಿತ್ರಗಳಲ್ಲಿ ಜೀವ ಕಡಿಮೆ. ಕೈಗೆರೆಯಲ್ಲಿರುವ ಭಾವ ಗೊಂಬೆಯಲ್ಲಿ ಬರುವುದಿಲ್ಲ. ಆದರೂ ಯಾವ ಲೆನ್ಸಿಗೆ ಎಷ್ಟು ಜಾಗ ಬೇಕು ಎಂದು ಛಾಯಾಗ್ರಾಹಕರೊಡನೆ ಚರ್ಚಿಸುವಾಗ ಕೈಚಿತ್ರಕ್ಕಿಂತ ಇದೇ ಹೆಚ್ಚು ಉಪಯುಕ್ತ. ಈಗಾಗಲೇ ತೆಗೆದಿಟ್ಟ ಫೋಟೊಗಳಿದ್ದರೆ ಅವನ್ನೂ ನೇರವಾಗಿ ಚೌಕಟ್ಟುಗಳಾಗಿ ತರಿಸಿಕೊಳ್ಳಬಹುದು.

ಕಾಗದವನ್ನು ಬಿಡಲೊಲ್ಲದವರಿಗೂ ಒಂದು ದಾರಿಯಿದೆ, ನನಗೆ ತುಂಬ ಮೆಚ್ಚುಗೆಯಾದದ್ದು ಇದು. ಖಾಲಿ ಚೌಕಟ್ಟುಗಳ ಹಾಳೆಯನ್ನು ತಂತ್ರಾಂಶದಿಂದಲೇ ಮುದ್ರಿಸಿ, ಅದರ ಮೇಲೆ ಪೆನ್ನಿನಿಂದ ಬರೆದು, ಫೋಟೊ ತೆಗೆದು ಮರಳಿ ಕೊಟ್ಟರೆ, ಹಾಳೆಯಲ್ಲಿರುವ ಕ್ಯೂಆರ್ ಸಂಕೇತದ ನೆರವಿನಿಂದ ಅದು ಚಿತ್ರಗಳನ್ನು ಬೇರೆಬೇರೆ ಚೌಕಟ್ಟುಗಳಾಗಿ ಕತ್ತರಿಸಿಕೊಳ್ಳುತ್ತದೆ. ಹಾಳೆಯಲ್ಲಿ ಚೌಕಟ್ಟುಗಳ ಅಡ್ಡಸಾಲು ಮತ್ತು ಕಂಬಸಾಲುಗಳ ಸಂಖ್ಯೆಯನ್ನು ಮುದ್ರಿಸುವ ಮೊದಲೇ ಆರಿಸಬಹುದು. ಮೊದಮೊದಲು ಚೌಕಟ್ಟುಗಳನ್ನು ದೊಡ್ಡದಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು, ಚಿಕ್ಕ ಚೌಕದಲ್ಲಿ ಕೈ ಓಡುವುದಿಲ್ಲ.

ಕೊರತೆಗಳೂ ಇವೆ. ಒಂದೇ ಚೌಕಟ್ಟಿನೊಳಗೆ ಕ್ಯಾಮೆರಾ ನಿಧಾನವಾಗಿ ಮುಂದೆ ಸರಿಯುವುದನ್ನು ಇಲ್ಲಿ ಚಲನೆಯಾಗಿ ತೋರಿಸಲಾಗದು. ಬಾಣದ ಗುರುತು ಹಾಕಬೇಕು, ಇಲ್ಲವೇ ನಡುವಿನ ಹಂತಗಳನ್ನು ಬೇರೆ ಚೌಕಟ್ಟುಗಳಾಗಿ ಬರೆಯಬೇಕು. ಟೂನ್ ಬೂಮ್ ಕಂಪನಿಯ ಸ್ಟೋರಿಬೋರ್ಡ್ ಪ್ರೊ ಈ ಕೆಲಸವನ್ನು ಸೊಗಸಾಗಿ ಮಾಡುತ್ತದೆ, ಪದರಗಳ ಮೇಲೂ ಧ್ವನಿಯ ಮೇಲೂ ಹೆಚ್ಚಿನ ಹಿಡಿತ ಕೊಡುತ್ತದೆ. ಆದರೆ ಅದಕ್ಕೆ ಹಣ ತೆರಬೇಕು, ಕಲಿಯಲು ಸಮಯವನ್ನೂ ಕೊಡಬೇಕು. ಅನಿಮೇಷನ್ನನ್ನೇ ವೃತ್ತಿ ಮಾಡಿಕೊಂಡವರು ಅದನ್ನು ಪರಿಶೀಲಿಸಲಿ. ನಟರನ್ನು ಇಟ್ಟುಕೊಂಡು ಚಿತ್ರೀಕರಿಸುವವರು, ವಿದ್ಯಾರ್ಥಿಗಳು, ಒಬ್ಬರೇ ಕುಳಿತು ವಿಡಿಯೊ ಮಾಡುವವರು ಸ್ಟೋರಿಬೋರ್ಡರನ್ನೇ ಇಳಿಸಿಕೊಂಡು, ಚಿತ್ರಕಥೆಯ ಒಂದೇ ಒಂದು ದೃಶ್ಯದಿಂದ ಆರಂಭಿಸಿ ನೋಡಲಿ.