ಗೇಟಿನ ದೀಪಕ್ಕೆ ನಾಲ್ಕು ಪ್ರಯೋಗ

ಶಿವರಾತ್ರಿಗೆ ಮದ್ದೂರಿನ ಅತ್ತೆ ಮನೆಗೆ ಹೋಗಿ ಮೂರು ದಿನ ಬಿಟ್ಟು ಬಂದೆವು. ಎದುರುಮನೆ ಮೇಷ್ಟ್ರು ಕೇಳಿದರು: "ಊರಲ್ಲಿ ಇರ್ಲಿಲ್ವೇನಪ್ಪಾ? ಮಟಮಟ ಮಧ್ಯಾಹ್ನಾನೂ ಗೇಟ್ ಲೈಟು ಉರೀತಿತ್ತಲ್ಲ." ಕಳ್ಳರಿಗೆ ಹೆದರಿ ಹಾಕಿಟ್ಟು ಹೋದ ದೀಪವೇ ಮನೆಗೆ ಬೀಗ ಬಿದ್ದಿದೆ ಎಂದು ಬೀದಿಗೆಲ್ಲ ಸಾರಿತ್ತು. ಆಮೇಲೆ ಒಂದೂವರೆ ವರ್ಷ ಒಂದಾದ ಮೇಲೊಂದು ದೀಪ ಬದಲಾಯಿಸಿ ನೋಡಿದೆ.

ನಮ್ಮದು ಮೈಸೂರಿನ ಬೋಗಾದಿ ಕಡೆ, 30x40 ಸೈಟಿನ ಮನೆ. ಎಡಕ್ಕೆ ಖಾಲಿ ಸೈಟು, ಆಳೆತ್ತರ ಗಿಡ. ಆ ಬದಿಯ ಓಣಿಯಲ್ಲೇ ತಾರಸಿಗೆ ಹೋಗುವ ಮೆಟ್ಟಿಲು, ನೀರಿನ ಡ್ರಮ್ಮು. ಭಯ ಇದ್ದದ್ದು ಅಲ್ಲೇ.

ಮೊದಲು ಭಾವನ ಮಾತು ಕೇಳಿ 50 ವ್ಯಾಟಿನ ಫ್ಲಡ್ ಲೈಟ್ ಹಾಕಿಸಿದೆ. ಮೊದಲ ರಾತ್ರಿ ಮದುವೆ ಮನೆ ಥರ ಕಾಣಿಸಿತು. ಎರಡನೇ ರಾತ್ರಿ ಮಗನನ್ನು ಡ್ರಮ್ಮಿನ ಹಿಂದೆ ಕೂರಿಸಿ ನಾನು ಗೇಟಿನ ಹತ್ತಿರ ನಿಂತೆ. ಕಾಣಲೇ ಇಲ್ಲ! ಬೆಳಕು ಜೋರಾದಷ್ಟೂ ಪಕ್ಕದ ನೆರಳು ಇನ್ನೂ ಕಪ್ಪಾಗುತ್ತದೆ, ನೋಡುವವರ ಕಣ್ಣು ಕೋರೈಸುತ್ತದೆ. ಪಕ್ಕದ ಮನೆ ಆಂಟಿಗೆ ನಿದ್ದೆ ಕೆಟ್ಟಿತು, ಮಳೆ ಬಿದ್ದ ಸಂಜೆ ರೆಕ್ಕೆ ಹುಳಗಳ ಜಾತ್ರೆ. ರಾತ್ರಿಗೆ 12 ಗಂಟೆ ಕಾಲ ಉರಿದರೆ ತಿಂಗಳಿಗೆ 18 ಯೂನಿಟ್. ಅದೇ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಮೂರು ಚಿಲ್ಲರೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಅಲ್ವಾ ಎನ್ನಬಹುದು. ಅದು ಹಿಂದಿನ ಸರಾಸರಿ ಬಳಕೆಗೆ ಕಟ್ಟುಬಿದ್ದದ್ದು, ಮೇಲೆ ತುಸು ಮಾತ್ರ ಸಲಿಗೆ.

ಸೋಲಾರ್ ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈರು ಬೇಡ, ಕರೆಂಟು ಹೋದರೂ ಉರಿಯುತ್ತದೆ. ಬೇಸಿಗೆಯಲ್ಲಿ ಬೆಳಗಿನವರೆಗೆ ಬಂತು. ಜೂನ್, ಜುಲೈನ ಮೋಡಕ್ಕೆ ರಾತ್ರಿ ಹನ್ನೊಂದರ ಹೊತ್ತಿಗೆ ಕಣ್ಣು ಮುಚ್ಚಿತು. ತೆಂಗಿನ ನೆರಳು ಬಿದ್ದರಂತೂ ಮುಗಿಯಿತು. ಆಗಾಗ ಪ್ಯಾನೆಲ್ಲಿನ ಧೂಳು ಒರೆಸಬೇಕು. ಕಾವಲಿಗೆ ಇದೊಂದನ್ನೇ ನಂಬಬೇಡಿ.

ಮೋಷನ್ ಸೆನ್ಸರ್ ದೀಪ ನನ್ನ ತಾಳ್ಮೆ ಪರೀಕ್ಷಿಸಿತು, ಕೊನೆಗೆ ಮನಸ್ಸೂ ಗೆದ್ದಿತು. ಎಲೆಕ್ಟ್ರಿಷಿಯನ್ ಅದನ್ನು ಗೇಟಿನ ಮೇಲೆ, ರಸ್ತೆಗೆ ಮುಖ ಮಾಡಿ ಕೂರಿಸಿ ಹೋದ. ಹೋದ ಸ್ಕೂಟರು, ಬಂದ ನಾಯಿ, ಎಲ್ಲಕ್ಕೂ ಹತ್ತುತ್ತಿತ್ತು. ನಾಲ್ಕು ದಿನಕ್ಕೆ ಯಾರೂ ಅದರತ್ತ ತಿರುಗಿಯೂ ನೋಡದ ಹಾಗಾಯಿತು. ಈ ಸೆನ್ಸರ್ ಗುರುತಿಸುವುದು ಚಲಿಸುವ ಬಿಸಿಯನ್ನು. ಎದುರಿಗೆ ನೇರ ಬರುವವರಿಗಿಂತ ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ. ಹಾಗಾಗಿ ಅದನ್ನು ಬದಿಯ ಓಣಿಗೆ ತಂದು, ಎಂಟಡಿ ಎತ್ತರದಲ್ಲಿ, ಸ್ವಲ್ಪ ಕೆಳಗೆ ಬಾಗಿಸಿ, ಓಣಿಗೆ ಕಾಲಿಡುವವರು ಅಡ್ಡ ಬರುವಂತೆ ಹಾಕಿಸಿದೆ. ತಳದಲ್ಲಿ ಮೂರು ತಿರುಪು ಇರುತ್ತವೆ: ಎಷ್ಟು ಕತ್ತಲಾದರೆ ಕೆಲಸ ಶುರು, ಎಷ್ಟು ಹೊತ್ತು ಉರಿಯಬೇಕು, ಎಷ್ಟು ಚುರುಕಾಗಿರಬೇಕು. ಅಂಗಡಿಯಿಂದ ಬಂದ ಹಾಗೇ ಬಿಡಬೇಡಿ. ನಾನು ಒಂದು ನಿಮಿಷಕ್ಕೆ ಇಟ್ಟೆ. ಏಪ್ರಿಲ್‌ನ ಸೆಕೆಯಲ್ಲಿ ಮಾತ್ರ ತುಸು ಮಂದ. ಗೋಡೆಯ ಕಾವು ಮೈ ಬಿಸಿಗೆ ಹತ್ತಿರವಾದರೆ ಅದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಬೆಕ್ಕು ಬಂದರೆ ಈಗಲೂ ಹತ್ತುತ್ತದೆ. ಹತ್ತಲಿ ಬಿಡಿ, ಕತ್ತಲ ಓಣಿಯಲ್ಲಿ ಫಕ್ಕನೆ ಬೆಳಕಾದರೆ ಮೇಷ್ಟ್ರ ಮನೆ ಕಿಟಕಿಯಿಂದ ಒಂದು ತಲೆಯಾದರೂ ಇಣುಕುತ್ತದೆ.

ಗೇಟಿಗೆ ಉಳಿದದ್ದು ಹಳೆಯದರಂಥದೇ 9 ವ್ಯಾಟಿನ ಬಲ್ಬು, ಆದರೆ ಕತ್ತಲಾದರೆ ತಾನೇ ಹತ್ತಿ ಬೆಳಗಾದರೆ ಆರುವ ಫೋಟೋಸೆಲ್ ಜೊತೆ. ಬಿಳಿಯ ಬದಲು ಹಳದಿ ಬೆಳಕು ತಂದೆ, ಹುಳ ಕಡಿಮೆ. ಇಲ್ಲೂ ಒಂದು ಎಡವಟ್ಟಾಯಿತು. ಫೋಟೋಸೆಲ್ಲನ್ನು ಬಲ್ಬಿನ ಪಕ್ಕದಲ್ಲೇ ಸಿಕ್ಕಿಸಿದ್ದರಿಂದ, ದೀಪ ಹತ್ತಿದ ಕೂಡಲೇ ಬೆಳಗಾಯಿತೆಂದು ಆರಿಸಿಬಿಡುತ್ತಿತ್ತು. ರಾತ್ರಿಯಿಡೀ ದಸರಾ ಸೀರಿಯಲ್ ಸೆಟ್. ಅದರ ಮುಖ ಆಕಾಶಕ್ಕೆ ತಿರುಗಿಸಿದ ಮೇಲೆ ಸರಿಹೋಯಿತು. ಅಮ್ಮ ಅಭ್ಯಾಸಬಲದಿಂದ ಬೆಳಗ್ಗೆ ಸ್ವಿಚ್ ಆಫ್ ಮಾಡುತ್ತಿದ್ದರು, ಅದರ ಮೇಲೊಂದು ಟೇಪು ಅಂಟಿಸಿದ್ದೇನೆ.

ನನ್ನ ಆಯ್ಕೆ ಇಷ್ಟೇ: ಗೇಟಿಗೆ ಫೋಟೋಸೆಲ್, ಓಣಿಗೆ ಸೆನ್ಸರ್. ಒಂದೇ ಕೊಳ್ಳಲು ಕಾಸಿದ್ದರೆ ಫೋಟೋಸೆಲ್ ಕೊಳ್ಳಿ, ದಿನಾ ಸಂಜೆ ಕೆಲಸಕ್ಕೆ ಬರುವುದು ಅದೇ. ಊರಿಗೆ ಹೋಗುವಾಗ ಹಾಲಿಗೂ ಪೇಪರಿಗೂ ಬೇಡ ಎಂದು ಹೇಳಿಹೋಗಬೇಕು. ಬಾಗಿಲಲ್ಲಿ ಮೂರು ದಿನದ ಪೇಪರು ಬಿದ್ದಿದ್ದರೆ ಯಾವ ದೀಪವೂ ಏನೂ ಮಾಡಲಾರದು. ಸೋಲಾರ್ ದೀಪ ಈಗ ತಾರಸಿಯಲ್ಲಿದೆ, ಬಟ್ಟೆ ತೆಗೆಯಲು ಹೋದಾಗ ಕಾಲು ಎಡವದಂತೆ. ಫ್ಲಡ್ ಲೈಟನ್ನು ಭಾವ ತೆಗೆದುಕೊಂಡು ಹೋದರು. ಅವರಿಗೆ ಇನ್ನೂ ಅದೇ ಇಷ್ಟ.