ನೀರಿನ ಕ್ಯಾನಿಗಿಂತ ಚಿಕ್ಕ ಡಬ್ಬಿಯಲ್ಲಿ ನನ್ನ ಎಡಿಟಿಂಗ್ ಕಂಪ್ಯೂಟರ್

ನಮ್ಮನೆ ಮೇಜು ಚಿಕ್ಕದು, ನನ್ನದೋ ದಿನವಿಡೀ ವಿಡಿಯೋ ಎಡಿಟಿಂಗ್. ಅದಕ್ಕೇ ಕೂಲರ್ ಮಾಸ್ಟರ್ ಎನ್‌ಆರ್200ಪಿ ಕ್ಯಾಬಿನೆಟ್ ತಂದೆ. ಒಟ್ಟು 18.25 ಲೀಟರ್, ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನಿಗಿಂತ ಕಮ್ಮಿ. ಒಳಗೆ 17 ಸೆಂ.ಮೀ. ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡ್, ಎಎಂಡಿ ಕಂಪನಿಯ 12 ಕೋರ್‌ಗಳ ಪ್ರೊಸೆಸರ್ ರೈಜನ್ 9 7900.

ಪ್ರೊಸೆಸರ್ ತಣ್ಣಗಿಡಲು ಪೈಪಿನಲ್ಲಿ ನೀರು ಹರಿಸುವ ಕೂಲರ್ ಹಾಕಿದೆ. ಆ ನೀರಿನ ಬಿಸಿಯನ್ನು ಹೊರಹಾಕುವ 280 ಮಿ.ಮೀ. ರೇಡಿಯೇಟರ್ ಪಕ್ಕದ ಬ್ರಾಕೆಟ್‌ಗೆ ಹಿಡಿಸುತ್ತದೆ, ಇಷ್ಟು ಸಣ್ಣ ಪೆಟ್ಟಿಗೆಗೆ ಅದು ದೊಡ್ಡ ವಿಷಯ. ಆಗ ಗಾಜಿನ ಬಾಗಿಲು ಬಿಟ್ಟು ತೂತುಗಳಿರುವ ಉಕ್ಕಿನದ್ದನ್ನೇ ಹಾಕಬೇಕು. ಎರಡೂ ಬಾಗಿಲು ಕ್ಯಾಬಿನೆಟ್ ಜೊತೆಗೇ ಬರುತ್ತವೆ.

ಮೊದಲ ದಿನ ಆನ್ ಮಾಡಿದರೆ ಒಳಗಿಂದ ಗುಳುಗುಳು ಸದ್ದು! ರೇಡಿಯೇಟರನ್ನು ಪೈಪುಗಳು ಮೇಲೆ ಬರುವಂತೆ ಕೂರಿಸಿಬಿಟ್ಟಿದ್ದೆ. ಗಾಳಿ ಯಾವಾಗಲೂ ಮೇಲೇರಿ ನಿಲ್ಲುತ್ತದೆ, ಅಲ್ಲೇ ಪೈಪ್ ಇದ್ದರೆ ನೀರಿನ ಜೊತೆ ಗುಳ್ಳೆಯೂ ಪಂಪಿಗೆ ಹೋಗುತ್ತದೆ. ಎಂಟು ಸ್ಕ್ರೂ ಬಿಚ್ಚಿ, ಪೈಪ್ ಕೆಳಗೆ ಬರುವ ಹಾಗೆ ತಿರುಗಿಸಿದೆ. ಸದ್ದು ನಿಂತಿತು.

ಇನ್ನೊಂದು ಮಾತು: ವೈರುಗಳನ್ನೆಲ್ಲ ಮೊದಲೇ ಸಿಕ್ಕಿಸಿಕೊಳ್ಳಿ. ರೇಡಿಯೇಟರ್ ಕೂತ ಮೇಲೆ ಬೆರಳು ತೂರಲ್ಲ.

ಪ್ರೊಸೆಸರ್‌ಗೆ ಎಎಂಡಿ ಕೊಟ್ಟಿರುವ ಮಿತಿ 95 ಡಿಗ್ರಿ. ಒಂದು ಗಂಟೆ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡುವ ಕೆಲಸ) ಓಡಿದರೂ ನನ್ನದು 71 ದಾಟಿಲ್ಲ. ರಾತ್ರಿ ಪಕ್ಕದಲ್ಲೇ ಮಗಳು ಮಲಗಿದ್ದರೂ ಈಗ ನಿಶ್ಚಿಂತೆಯಿಂದ ಕೆಲಸ ಮಾಡುತ್ತೇನೆ.